ಮೊದಲು ಮೈನಸ್ ತೆಗೆಯುವ ಭಾವ

ನಮ್ಮ ಭಾವನಿಗೆ ಒಂದು ಬಲ್ಬ್ ಬದಲಾಯಿಸಿ ಅಂದರೆ ಮನೆಯೆಲ್ಲ ಕತ್ತಲಾಗುತ್ತದೆ. ಮೊದಲು ಕೈಗಡಿಯಾರ ಬಿಚ್ಚುತ್ತಾರೆ, ಆಮೇಲೆ ಉಂಗುರ, ಆಮೇಲೆ ಹೋಗಿ ಮೇನ್ ಸ್ವಿಚ್ ಆರಿಸುತ್ತಾರೆ. ಫ್ರಿಜ್ಜು ಗುಂಯ್ ಅನ್ನುವುದು ನಿಂತರೆ ಅಡುಗೆಮನೆಯಲ್ಲಿ ಅಕ್ಕ ಗೊಣಗುವುದು ಶುರು. ಅದು ಅವರ ಕಿವಿಗೆ ಬೀಳುವುದೇ ಇಲ್ಲ. ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು, ಸ್ಟೂಲ್ ಮೇಲೆ ನಿಂತು, ಎರಡು ನಿಮಿಷದ ಕೆಲಸವನ್ನು ಇಪ್ಪತ್ತು ನಿಮಿಷ ಮಾಡುತ್ತಾರೆ.

ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವರು ಅವರು. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ, ಅವರ ಕಣ್ಣೆದುರೇ, ಹಿರಿಯ ಮೆಕ್ಯಾನಿಕ್ ಒಬ್ಬರ ಉಂಗುರ ಸ್ಪ್ಯಾನರಿಗೂ ಬ್ಯಾಟರಿಗೂ ನಡುವೆ ಸಿಕ್ಕಿಕೊಂಡು ಕೆಂಪಗೆ ಕಾದುಹೋಯಿತು. ಆ ಬೆರಳು ಉಳಿಯಲಿಲ್ಲ. ಅಂದಿನಿಂದ ಭಾವ ಯಾವ ಗಾಡಿಯ ಬಾನೆಟ್ ಎತ್ತಿದರೂ ಮೊದಲು ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ ಪಕ್ಕಕ್ಕಿಡುತ್ತಾರೆ. ಅದಾಗದೆ ಒಂದು ಸ್ಕ್ರೂ ಕೂಡ ಮುಟ್ಟಿದವರಲ್ಲ. ಒಳಗೆ ಬರುವ ಮುಂಚೆ ನಾವು ಚಪ್ಪಲಿ ಬಿಡುವಷ್ಟೇ ಸಲೀಸು ಅವರಿಗೆ ಅದು. ಮಾಡಿದ್ದು ನೆನಪೂ ಇರುವುದಿಲ್ಲ.

ಡಿಪೋದಲ್ಲಿ ಅವರನ್ನು ಕಿವಿ ಡಾಕ್ಟರ್ ಅನ್ನುತ್ತಿದ್ದರಂತೆ. ಡ್ರೈವರ್ ಬಂದು ದೂರು ಹೇಳುವ ಮೊದಲೇ, ಗೇಟಿನೊಳಗೆ ಬರುವ ಬಸ್ಸಿನ ಸದ್ದು ಕೇಳಿ, ಡೈನಮೋ ಹೋಗಿದೆ ಅನ್ನುತ್ತಿದ್ದರು. ಮನೆಯಲ್ಲಿ ಮಾತ್ರ ಹೆಂಡತಿ ಮೂರು ಸಲ ಕೂಗಿದರೂ ಈ ಡಾಕ್ಟರಿಗೆ ಕೇಳುತ್ತಿರಲಿಲ್ಲ. ಇಂಥ ಮನುಷ್ಯ ನಿವೃತ್ತರಾದ ಮೇಲೆ, ಸದ್ದೇ ಇಲ್ಲದ ಎಲೆಕ್ಟ್ರಿಕ್ ಕಾರು ತಂದರು. ತಂದಿದ್ದು ಅಕ್ಕನಿಗಾಗಿ.

ಅಕ್ಕನ ಎರಡೂ ಕಿಡ್ನಿ ಕೆಲಸ ಬಿಟ್ಟು ಮೂರು ವರ್ಷವಾಯಿತು. ವಾರಕ್ಕೆ ಮೂರು ದಿನ, ಮೂವತ್ತೆಂಟು ಕಿಲೋಮೀಟರ್ ಆಚೆಯ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಬೇಕು. ಬಸ್ಸಿನಲ್ಲಿ, ಪೆಟ್ರೋಲ್ ಕಾರಿನಲ್ಲಿ ಕೂತರೆ ಹೊಗೆಯ ವಾಸನೆಗೆ ಅವಳ ಹೊಟ್ಟೆ ತೊಳೆಸುತ್ತದೆ. ಹೋಗುವಾಗ ಹೇಗೋ ಹಲ್ಲು ಕಚ್ಚಿ ಕೂರುತ್ತಿದ್ದಳು, ಬರುವಾಗ ದಾರಿಯುದ್ದಕ್ಕೂ ವಾಂತಿ. ಈ ಕಾರಿನಲ್ಲಿ ವಾಸನೆಯಿಲ್ಲ, ಗಡಗಡ ಇಲ್ಲ. ಕಾರು ಬಂದ ಮೊದಲ ದಿನ, ವಾಪಸ್ ಬರುವಾಗ, ಸೇತುವೆ ಬರುವ ಮುಂಚೆಯೇ ಅಕ್ಕ ನಿದ್ದೆ ಹೋದಳು. ಮನೆ ಮುಂದೆ ನಿಲ್ಲಿಸಿದರೂ ಎಚ್ಚರವಾಗಲಿಲ್ಲ. ಭಾವ ಬಾಗಿಲು ತೆಗೆಯದೆ ಅರ್ಧ ಗಂಟೆ ಸ್ಟೀರಿಂಗ್ ಹಿಡಿದು ಕೂತಿದ್ದರು. ಹಿಂದಿನ ಸೀಟಿನಲ್ಲಿ ನನ್ನ ಕಾಲು ಜೋಮು ಹಿಡಿದಿತ್ತು. ನಾನು ಕೆಮ್ಮಿದರೆ ಕನ್ನಡಿಯಲ್ಲೇ ಕಣ್ಣು ದೊಡ್ಡದು ಮಾಡಿ ಗದರಿದರು.

ನಾನು ಅಕ್ಕನ ತಂಗಿ. ಸ್ಕೂಲಿನ ಆಫೀಸಿನಲ್ಲಿ ಗುಮಾಸ್ತಿಕೆ ಮಾಡಿ ಬಿಟ್ಟವಳು. ವಯಸ್ಸು ಐವತ್ತಾರಾದರೂ ಈ ಮನೆಯಲ್ಲಿ ನನ್ನ ಹೆಸರು ಪುಟ್ಟಿ. ಆಸ್ಪತ್ರೆಗೆ ನಾನೂ ಹೋಗುತ್ತೇನೆ. ಬ್ಯಾಗು, ಫೈಲು, ಹೊದಿಕೆ ಹಿಡಿಯುವುದು ನನ್ನ ಕೆಲಸ, ದಾರಿಯಲ್ಲಿ ಭಾವನನ್ನು ರೇಗಿಸುವುದು ನನಗೆ ನಾನೇ ಕೊಟ್ಟುಕೊಂಡ ಬಡ್ತಿ.

ಐದನೇ ತಿಂಗಳಲ್ಲಿ ಕಾರು ಕೈ ಕೊಟ್ಟಿತು. ಸೇತುವೆಯ ಮೇಲೆ, ಕಾಂಕ್ರೀಟಿನ ಜೋಡಣೆ ದಾಟುವಾಗ, ಎದುರಿನ ಪರದೆಯ ಮೇಲೆ ಆಮೆಯ ಚಿತ್ರವೊಂದು, ಶಕ್ತಿ ಕುಗ್ಗಿದೆ ಅನ್ನುವ ಎಚ್ಚರಿಕೆ, ಹೊತ್ತಿಕೊಂಡಿತು. ಕಾರು ನಿಧಾನವಾಗಿ, ಅತ್ಯಂತ ಮರ್ಯಾದೆಯಿಂದ, ಎಡಗಡೆಗೆ ಹೋಗಿ ನಿಂತಿತು. ಭಾವ ಕಿವಿಗೊಟ್ಟರು. ಕೇಳಲು ಏನೂ ಇರಲಿಲ್ಲ. ಇಳಿದು, ಗಡಿಯಾರ, ಉಂಗುರ ಬಿಚ್ಚಿ ಜೇಬಿಗೆ ಹಾಕಿಕೊಂಡು ಬಾನೆಟ್ ಎತ್ತಿದರು. ಎಲೆಕ್ಟ್ರಿಕ್ ಕಾರಿನಲ್ಲೂ ದೀಪಕ್ಕೆ, ಹಾರ್ನಿಗೆ, ಕಾರಿನೊಳಗಿನ ಕಂಪ್ಯೂಟರಿಗೆ ಅಂತ ಮಾಮೂಲಿ ಸಣ್ಣ ಬ್ಯಾಟರಿ ಒಂದು ಇರುತ್ತದೆ. ಅದನ್ನು ಕಂಡು ಅವರಿಗೆ ಹಳೇ ಸ್ನೇಹಿತ ಸಿಕ್ಕಿದಂತಾಯಿತು. ಒಂದೊಂದೇ ಫ್ಯೂಸ್ ತೆಗೆದು, ಒರೆಸಿ, ಬೆಳಕಿಗೆ ಹಿಡಿದು ನೋಡಿದರು. ಒಂದು ಗಂಟೆಯ ಮೇಲೆ ಎಲ್ಲ ಮುಚ್ಚಿ ಬಟನ್ ಒತ್ತಿದರೆ, ಏನೂ ಆಗೇ ಇಲ್ಲವೆಂಬಂತೆ ಕಾರು ಹೊರಟಿತು.

"ಬಿಸಿಯಾಗಿತ್ತು ಅನ್ಸುತ್ತೆ. ಸ್ವಲ್ಪ ಹೊತ್ತು ಬಿಟ್ರೆ ತಾನೇ ಸರಿಹೋಗುತ್ತೆ" ಅಂದರು.

ಆಸ್ಪತ್ರೆಯಲ್ಲಿ ಅಕ್ಕನ ಡಯಾಲಿಸಿಸ್ ಕುರ್ಚಿಯಲ್ಲಿ ಬೇರೆ ಯಾರೋ ಮಲಗಿದ್ದರು. ಅಲ್ಲಿನ ನಿಯಮವೇ ಹಾಗೆ. ಅರ್ಧ ಗಂಟೆ ಕಾಯುತ್ತಾರೆ, ಆಮೇಲೆ ಕುರ್ಚಿ ಮುಂದಿನವರಿಗೆ. ಅವರನ್ನು ಬೈದು ಪ್ರಯೋಜನವಿಲ್ಲ, ಹೊರಗೆ ಕಾಯುವವರ ಮುಖ ನಾನೂ ನೋಡಿದ್ದೇನೆ. ಅಕ್ಕ ಊದಿದ ಪಾದಗಳನ್ನು ನೋಡಿಕೊಳ್ಳುತ್ತಾ ವಾಪಸ್ ಬಂದಳು. ಅಂದಿನಿಂದ ಅವಳಿಗೆ ಆ ಕಾರಿನಲ್ಲಿ ನಿದ್ದೆ ಬರಲಿಲ್ಲ. ಸೇತುವೆ ಹತ್ತಿರವಾದಂತೆ ಬಾಗಿಲ ಮೇಲಿನ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು.

ಆಮೇಲೆ ಶುರುವಾಯಿತು ನೋಡಿ ನಮ್ಮ ತಿರುಗಾಟ. ಒಂದು ಒಳ್ಳೆಯ ಸರ್ವಿಸ್ ಸೆಂಟರ್ ಹುಡುಕುವುದಕ್ಕೆ ಏಳು ತಿಂಗಳು ಹಿಡಿಯಿತು. ಆ ಏಳು ತಿಂಗಳಲ್ಲಿ ಕಾರು ಐದು ಸಲ ನಿಂತಿತು, ಅದರಲ್ಲಿ ನಾಲ್ಕು ಸಲ ಸೇತುವೆ ಮೇಲೇ. ಅಕ್ಕನ ಕುರ್ಚಿ ಎರಡು ಸಲ ಹೋಯಿತು.

ಕಾರು ಕೊಟ್ಟವರಲ್ಲಿಗೇ ಮೊದಲು ಹೋದೆವು. ಗಾಜಿನ ಗೋಡೆ, ಕಾಲು ಜಾರುವಂಥ ನೆಲ, ಮೆತ್ತನೆ ಸೋಫಾ. ಟೈ ಕಟ್ಟಿಕೊಂಡವನೊಬ್ಬ ಬಂದು, ಕಾರಿನ ತೊಂದರೆ ಕೇಳುವ ಮುಂಚೆ ನಮ್ಮ ಫೋನ್ ನಂಬರ್ ಎರಡು ಸಲ ಬರೆದುಕೊಂಡ. ಕೇಬಲ್ ಚುಚ್ಚಿ ಪರದೆ ನೋಡಿ, "ಕಾರಲ್ಲಿ ಯಾವ ಫಾಲ್ಟೂ ದಾಖಲಾಗಿಲ್ಲ ಸರ್" ಅಂದ. ತೊಳೆದು ಫಳಫಳ ಮಾಡಿ ಕೊಟ್ಟ. ಸಂಜೆ ಫೋನ್ ಬಂತು, ನಮ್ಮ ಸೇವೆಗೆ ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ ಅಂತ. ಭಾವ ಪಾಪ, ಯಾರ ಮನಸ್ಸೂ ನೋಯಬಾರದೆಂದು ಒಂಬತ್ತು ಅಂದರು. ನಾನು ಫೋನ್ ಕಿತ್ತುಕೊಳ್ಳುವುದೊಂದು ಬಾಕಿ.

ಎರಡನೆಯವರಲ್ಲಿ ಕಿತ್ತಳೆ ಬಣ್ಣದ ವೈರ್ ಮುಟ್ಟಲು ತರಬೇತಿ ಪಡೆದವನು ಒಬ್ಬನೇ. ದೊಡ್ಡ ಬ್ಯಾಟರಿಯ ಕರೆಂಟ್ ಹರಿಯುವುದು ಆ ಕಿತ್ತಳೆ ವೈರಿನಲ್ಲೇ ಅಂತೆ, ಮುಟ್ಟಿದರೆ ಹೆಣ ಬೀಳುತ್ತದಂತೆ. ಅವನು ಮಂಗಳವಾರ, ಗುರುವಾರ ಮಾತ್ರ ಬರುತ್ತಿದ್ದ. ಒಂದು ಮಂಗಳವಾರ ಅವನಿಗೆ ಜ್ವರ, ಗುರುವಾರ ರಜೆ. ಹನ್ನೊಂದು ದಿನ ಕಾರು ಅಲ್ಲೇ ಬಿದ್ದಿತ್ತು. ಅಷ್ಟು ದಿನ ಅಕ್ಕ ಬಸ್ಸಿನಲ್ಲಿ, ಮಡಿಲಲ್ಲಿ ಪ್ಲಾಸ್ಟಿಕ್ ಚೀಲ ಇಟ್ಟುಕೊಂಡು ಹೋಗಿಬಂದಳು. ಕೊನೆಗೆ ಅವನೂ ಅಂದಿದ್ದು ಅದೇ ಮಾತು: ಏನೂ ದಾಖಲಾಗಿಲ್ಲ.

ಮೂರನೆಯವರು ಸಾಫ್ಟ್‌ವೇರ್ ಹೊಸದು ಹಾಕಿದರು. ಕಾರು ನಾಲ್ಕೇ ದಿನಕ್ಕೆ ನಿಂತಿತು. ಮತ್ತೆ ಹೋದರೆ ಅಲ್ಲಿಯ ಮ್ಯಾನೇಜರ್ ಭಾವನ ನರೆತ ತಲೆ ನೋಡಿ, "ಅಂಕಲ್, ನೀವು ಏನಾದ್ರೂ ತಪ್ಪು ಬಟನ್ ಒತ್ತಿರ್ತೀರಿ" ಅಂದ. ಮೂವತ್ತೊಂದು ವರ್ಷ ಗಾಡಿಗಳ ಹೊಟ್ಟೆಯೊಳಗೆ ಬದುಕಿದ ಮನುಷ್ಯನಿಗೆ ಆಡುವ ಮಾತೇ ಅದು? ನನಗೆ ಮೈ ಉರಿದುಹೋಯಿತು. ಭಾವ ಹೊರಗೆ ಬಂದು ಕಾರಿನ ಬಾಗಿಲನ್ನು ಎರಡು ಸಲ ತೆಗೆದು ಹಾಕಿದರು, ಮೊದಲನೇ ಸಲ ಸರಿಯಾಗಿ ಹಾಕಲಿಲ್ಲವೇನೋ ಅನ್ನುವ ಹಾಗೆ.

ಮನುಷ್ಯ ಸೋತದ್ದು ಆ ದಿನಗಳಲ್ಲಿ. ಊಟಕ್ಕೆ ಕೂತರೆ ತಟ್ಟೆ ನೋಡುತ್ತಾ ಕೂರುವರು. ಬೆಳಿಗ್ಗೆ ಒಂದು ಕೆಲಸ ಮಾತ್ರ ತಪ್ಪಿಸಲಿಲ್ಲ. ಡಯಾಲಿಸಿಸ್ ಸೂಜಿಗೆಂದು ಅಕ್ಕನ ಎಡಗೈ ಮಣಿಕಟ್ಟಿನಲ್ಲಿ ಎರಡು ರಕ್ತನಾಳ ಸೇರಿಸಿ ಹೊಲಿದಿದ್ದಾರೆ. ಅಲ್ಲಿ ರಕ್ತ ಜೋರಾಗಿ ಹರಿಯುವುದು ಬೆರಳಿಗೆ ತಿಳಿಯುತ್ತದೆ, ಕಿವಿಯಿಟ್ಟರೆ ಝುಂ ಅಂತ ಕೇಳುತ್ತದೆ. ಕೇಳದಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು. ದಿನಾ ಎದ್ದ ಕೂಡಲೇ ಭಾವ ಅವಳ ಕೈ ತೆಗೆದುಕೊಂಡು, ಕಣ್ಣು ಮುಚ್ಚಿ, ಕಿವಿ ಇಡುತ್ತಾರೆ.

"ಓಡ್ತಾ ಇದೆ" ಅನ್ನುತ್ತಾರೆ, ಡಿಪೋದಲ್ಲಿ ಬಸ್ಸು ಬಿಡುವ ಹಾಗೆಯೇ. ಅಕ್ಕ ಆಮೇಲೇ ಹಾಸಿಗೆಯಿಂದ ಏಳುವುದು.

ಎರಡನೇ ಸಲ ಕುರ್ಚಿ ಹೋದ ದಿನ ಮನೆಗೆ ಬಂದ ಅಕ್ಕ ಚಪ್ಪಲಿ ಕೂಡ ಬಿಡದೆ ಬಾಗಿಲ ಬಳಿಯ ಸ್ಟೂಲ್ ಮೇಲೆ ಕೂತಳು. ಏದುಸಿರು ಬಿಡುತ್ತಿದ್ದಳು.

"ರೀ, ಕೇಳಿ. ಇನ್ನೊಂದು ಸಲ ಕುರ್ಚಿ ಹೋದ್ರೆ ನಾನು ಹೋಗೋದನ್ನೇ ನಿಲ್ಲಿಸ್ತೀನಿ. ಸೂಜಿ ತಡ್ಕೋಬಹುದು. ದಾರಿ ತಡ್ಕೊಳ್ಳೋಕಾಗ್ತಿಲ್ಲ."

ಅವಳು ಸುಮ್ಮನೆ ಮಾತಿಗೆ ಹೇಳುವವಳಲ್ಲ. ಡಯಾಲಿಸಿಸ್ ನಿಲ್ಲಿಸಿದರೆ ಎಷ್ಟು ದಿನ ಅಂತ ನಮಗೆ ಮೂವರಿಗೂ ಗೊತ್ತಿತ್ತು. ಎರಡು ವಾರ ದಾಟುವುದು ಕಷ್ಟ. ಭಾವ ಬಗ್ಗಿ ಅವಳ ಚಪ್ಪಲಿ ಬಿಚ್ಚಿದರು. ನಾನು ಅಡುಗೆಮನೆಗೆ ಹೋಗಿ, ಮಾಡಲು ಕೆಲಸವಿಲ್ಲದೆ, ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆದೆ.

ಅಕ್ಕ ಯಂತ್ರಕ್ಕೆ ಮಲಗಿರುವ ನಾಲ್ಕು ಗಂಟೆ ನಾವು ಆಸ್ಪತ್ರೆಯ ಹಿಂದೆ ಕಾರು ಚಾರ್ಜಿಗೆ ಹಾಕಿ ಕೂರುತ್ತೇವೆ. ಪಕ್ಕದಲ್ಲಿ ಎಲೆಕ್ಟ್ರಿಕ್ ಟ್ಯಾಕ್ಸಿ ನಿಲ್ಲಿಸಿದ್ದ ಡ್ರೈವರ್ ಒಬ್ಬನ ಮುಂದೆ ನಾನು ಬಾಯಿ ಬಿಟ್ಟೆ. ಭಾವನಿಗಾದರೆ ಮಾನದ ಪ್ರಶ್ನೆ, ನನಗೇನು?

"ರಿಂಗ್ ರೋಡಿನ ಕೊನೇಲಿ ಒಂದು ಸಣ್ಣ ಡೀಲರ್ ಇದಾರೆ, ಅಲ್ಲಿಗೆ ಹೋಗಿ ಅಮ್ಮಾ" ಅಂದ ಅವನು. "ಬೇರೆ ಕಡೆ ಕಾರನ್ನ ಕೇಳ್ತಾರೆ. ಅಲ್ಲಿ ಓಡಿಸೋರನ್ನ ಕೇಳ್ತಾರೆ."

ಹೋದೆವು. ಅಕ್ಕ ಮನೆಯಲ್ಲೇ ಉಳಿದಳು. ಸೋಫಾ ಇರಲಿಲ್ಲ, ನಾಲ್ಕು ಕಬ್ಬಿಣದ ಕುರ್ಚಿ. ಭಾವ ಮೊದಲು ನೆಲ ನೋಡಿದರು, ಆಮೇಲೆ ಗೋಡೆಗೆ ಸಾಲಾಗಿ ನೇತುಹಾಕಿದ್ದ ಸಲಕರಣೆ ನೋಡಿದರು. ಒಳಗೆ ನಲವತ್ತು ದಾಟಿದ ಹೆಂಗಸೊಬ್ಬರು ಮೊಣಕೈವರೆಗಿನ ರಬ್ಬರ್ ಗ್ಲೌಸ್ ಹಾಕಿಕೊಳ್ಳುವ ಮುಂಚೆ ಅದರ ಬಾಯಿ ಸುತ್ತಿ, ಗಾಳಿ ತುಂಬಿಸಿ, ಕೆನ್ನೆಯ ಹತ್ತಿರ ಹಿಡಿದು ತೂತಿದೆಯೇ ಅಂತ ನೋಡುತ್ತಿದ್ದರು. ಅದನ್ನು ಕಂಡು ಭಾವನ ಮುಖ ಸಡಿಲವಾಯಿತು. ಎಷ್ಟೋ ತಿಂಗಳ ಮೇಲೆ ತಮ್ಮ ಜಾತಿಯವರೊಬ್ಬರು ಸಿಕ್ಕಿದ್ದರು, ಕೈ ಹಾಕುವ ಮುಂಚೆ ಹೆದರುವ ಜಾತಿ. ನಾವು ಅವರಿಗೆ ಗ್ಲೌಸ್ ಮೇಡಂ ಅಂತಲೇ ಹೆಸರಿಟ್ಟೆವು.

ಗ್ಲೌಸ್ ಮೇಡಂ ಕೇಬಲ್ ಚುಚ್ಚಿ ನೋಡಿದರು. ಏನೂ ಇಲ್ಲ. ಆದರೆ ಅವರು ಏನೂ ಇಲ್ಲ ಅನ್ನಲಿಲ್ಲ. ಒಂದು ಕುರ್ಚಿ ಎಳೆದುಕೊಂಡು ಭಾವನ ಎದುರು ಕೂತರು.

"ಐದು ಸಲ ನಿಂತಿದೆ ಅಂತೀರಿ. ಐದರಲ್ಲಿ ಒಂದಾದ್ರೂ ಗುರುತು ಉಳೀಬೇಕಿತ್ತು. ಕಾರು ನಿಂತ ಮೇಲೆ ನೀವು ಏನೇನು ಮಾಡ್ತೀರಿ ಸರ್?"

"ಏನೂ ಮಾಡಲ್ಲ. ಫ್ಯೂಸ್ ನೋಡ್ತೀನಿ. ಸ್ವಲ್ಪ ಹೊತ್ತು ಬಿಡ್ತೀನಿ. ಹೊರಡುತ್ತೆ."

"ಫ್ಯೂಸ್ ಮುಟ್ಟೋಕೆ ಮುಂಚೆ?"

ಭಾವ ಯೋಚಿಸಿದರು. ನಿಜವಾಗಿಯೂ ಅವರಿಗೆ ಹೊಳೆಯಲಿಲ್ಲ. ಐದು ಸಲವೂ ಇಳಿದು ಪಕ್ಕದಲ್ಲಿ ನಿಂತು ನೋಡಿದವಳು ನಾನು. "ಮೈನಸ್ ತೆಗೀತೀರಲ್ಲ ಭಾವ" ಅಂದೆ.

ಗ್ಲೌಸ್ ಮೇಡಂ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು ಮೆತ್ತಗೆ ಹೇಳಿದರು. ಈ ಕಾರಿನ ಕಂಪ್ಯೂಟರ್ ಇಂಥ ಫಾಲ್ಟಿನ ಗುರುತು ಇಟ್ಟುಕೊಳ್ಳುವುದು ಸಣ್ಣ ಬ್ಯಾಟರಿಯ ಕರೆಂಟಿನಿಂದಲೇ. ವೈರ್ ಬಿಚ್ಚಿದರೆ ಗುರುತು ಅಳಿಸಿಹೋಗುತ್ತದೆ. ಎಲ್ಲ ಮರೆತ ಕಾರು ಹೊಸದರ ಹಾಗೆ ಹೊರಡುತ್ತದೆ. ಆಮೇಲೆ ಯಾವ ಸರ್ವಿಸ್ ಸೆಂಟರಿನವರು ನೋಡಿದರೂ ಏನೂ ಸಿಗುವುದಿಲ್ಲ.

"ನಿಮ್ಮ ಅಭ್ಯಾಸ ತಪ್ಪಲ್ಲ ಸರ್. ನಾನೂ ಹಾಗೇ ಮಾಡೋದು. ಆದ್ರೆ ಮುಂದಿನ ಸಲ ನಿಂತಾಗ ದಯವಿಟ್ಟು ಬಾನೆಟ್ ತೆಗೀಬೇಡಿ. ಏನೂ ಮುಟ್ಟಬೇಡಿ. ಫೋನ್ ಮಾಡಿ, ನಿಂತ ಜಾಗಕ್ಕೇ ಬರ್ತೀನಿ."

ವಾಪಸ್ ಬರುವಾಗ ಭಾವ ಕಾರನ್ನು ಎಲ್ಲಿಯೋ ಒಂದು ಕಡೆ ನಿಲ್ಲಿಸಿದರು.

"ಏಳು ತಿಂಗಳು. ಎಲ್ಲರನ್ನೂ ಮನಸ್ಸಲ್ಲೇ ಬೈಕೊಂಡು ತಿರುಗಿದೆ ಪುಟ್ಟಿ. ಅವಳ ಎರಡು ಕುರ್ಚಿ ನಾನೇ ಕಳೆದೆ."

"ನಿಮಗೇನು ಗೊತ್ತಿತ್ತು ಭಾವ."

"ನಿಮ್ಮಕ್ಕನಿಗೆ ಹೇಳ್ಬೇಡ. ನಾನೇ ಹೇಳ್ತೀನಿ."

ಆರು ದಿನವಾದರೂ ಹೇಳಲಿಲ್ಲ. ಹೇಗೆ ಹೇಳಿಯಾರು?

ಏಳನೇ ದಿನ ಕಾರು ನಿಂತಿತು. ಅದೇ ಸೇತುವೆ, ಅದೇ ಜೋಡಣೆ, ಅದೇ ಆಮೆ. ಹನ್ನೊಂದಕ್ಕೆ ಕುರ್ಚಿ, ಆಗ ಹತ್ತೂ ಇಪ್ಪತ್ತೈದು. ಅಲ್ಲಿಂದ ಆಸ್ಪತ್ರೆಗೆ ಇಪ್ಪತ್ತೈದು ನಿಮಿಷದ ದಾರಿ, ಸೇತುವೆ ಮೇಲೆ ಬಸ್ಸಾಗಲಿ ಟ್ಯಾಕ್ಸಿಯಾಗಲಿ ನಿಲ್ಲುವುದಿಲ್ಲ. ಭಾವನ ಕೈ ತಾನಾಗಿ ಬಾನೆಟ್ಟಿನ ಲಿವರಿಗೆ ಹೋಯಿತು. ಅಲ್ಲೇ ನಿಂತಿತು. ವೈರ್ ಬಿಚ್ಚಿ ಹಾಕಿದರೆ ಹತ್ತೇ ನಿಮಿಷದಲ್ಲಿ ಹೊರಡುತ್ತದೆ ಅಂತ ಈಗ ನಮ್ಮಿಬ್ಬರಿಗೂ ಗೊತ್ತು. ಬಿಚ್ಚಿದರೆ ಕುರ್ಚಿ ಉಳಿಯುತ್ತದೆ, ಕಾಯಿಲೆ ಕಾರಿನಲ್ಲೇ ಉಳಿಯುತ್ತದೆ. ಬಿಚ್ಚದಿದ್ದರೆ ಇವತ್ತಿನ ಕುರ್ಚಿ ಹೋಯಿತು, ಅಕ್ಕ ತನ್ನ ಮಾತು ಆಡಿಯಾಗಿದೆ.

ಸುಳ್ಳು ಯಾಕೆ ಹೇಳಲಿ, "ತೆಗೀರಿ ಭಾವ, ಇವತ್ತೊಂದಿನ ತೆಗೀರಿ" ಅಂದವಳು ನಾನೇ.

ಅಕ್ಕ ತಿರುಗಿ ನನ್ನನ್ನು ನೋಡಿದಳು, ಆಮೇಲೆ ಗಂಡನನ್ನು. "ಏನು ತೆಗೆಯೋದು? ಯಾಕೆ ಇಳೀತಿಲ್ಲ ನೀವು?"

ಭಾವ ಹೇಳಿದರು. ಲಿವರ್ ಮೇಲಿನ ಕೈ ತೆಗೆಯದೆ, ಅವಳ ಮುಖ ನೋಡದೆ, ಸ್ಟೀರಿಂಗಿಗೆ ಹೇಳುವ ಹಾಗೆ ಎಲ್ಲ ಹೇಳಿದರು. ಲಾರಿಗಳು ದಾಟಿದಾಗಲೆಲ್ಲ ಸೇತುವೆ ನಡುಗುತ್ತಿತ್ತು.

"ನಾನೇ ಕಣೇ. ಕಾಯಿಲೆ ಎಲ್ಲಿದೆ ಅಂತ ಕಾರು ಪ್ರತಿ ಸಲ ಬರೆದಿಟ್ಟಿತ್ತು. ಪ್ರತಿ ಸಲ ನಾನೇ ಅಳಿಸಿದೆ."

ಅಕ್ಕ ಪರದೆಯ ಮೇಲಿನ ಗಂಟೆ ನೋಡಿದಳು.

"ಈಗ ತೆಗೆದ್ರೆ ಹೊರಡುತ್ತಾ?"

"ಹೊರಡುತ್ತೆ. ಕುರ್ಚಿ ಸಿಗುತ್ತೆ."

"ತೆಗೀದಿದ್ರೆ?"

"ಸಿಗಲ್ಲ. ಆದ್ರೆ ಅವರಿಗೆ ಕಾಯಿಲೆ ಸಿಗಬಹುದು." ಭಾವ ಈಗ ಅವಳ ಕಡೆ ತಿರುಗಿದರು. "ಇನ್ನೊಂದು ಸಲ ಆದ್ರೆ ಹೋಗಲ್ಲ ಅಂದಿದೀಯ. ನನಗೇನೂ ತೋಚ್ತಿಲ್ಲ. ನೀನೇ ಹೇಳು."

ನಾನು ಬೈಗುಳ ಕಾಯುತ್ತಿದ್ದೆ. ನಾನಾಗಿದ್ದರೆ ಬೈಯುತ್ತಿದ್ದೆ. ಅಕ್ಕ ತನ್ನ ಎಡಗೈ ಚಾಚಿ ಅವರ ತೊಡೆಯ ಮೇಲೆ ಇಟ್ಟಳು, ಹೊಲಿಗೆ ಹಾಕಿದ ಮಣಿಕಟ್ಟು ಮೇಲಾಗಿ.

"ಮೊದ್ಲು ಆ ಲಿವರ್ ಬಿಡಿ. ನಿಮ್ಮ ಕೈ ಸುಮ್ಮನಿರಲ್ಲ, ನನಗೆ ಗೊತ್ತು. ಅವರು ಬರೋವರೆಗೂ ಇದನ್ನ ನೋಡ್ಕೊಂಡು ಕೂತಿರಿ. ಪುಟ್ಟಿ, ಆ ಮೇಡಂಗೆ ಫೋನ್ ಮಾಡು."

ಐವತ್ತು ನಿಮಿಷ ಕಾದೆವು. ಅಷ್ಟು ಹೊತ್ತೂ ಭಾವ ಅವಳ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟುಕೊಂಡೇ ಕೂತಿದ್ದರು. ಹನ್ನೊಂದೂವರೆಗೆ ಅಕ್ಕನ ಫೋನ್ ರಿಂಗಾಯಿತು, ಆಸ್ಪತ್ರೆಯದು. ಕುರ್ಚಿ ಬೇರೆಯವರಿಗೆ ಕೊಟ್ಟಾಯಿತು, ನಾಳೆ ಬೆಳಿಗ್ಗೆ ಏಳಕ್ಕೆ ಒಂದು ಖಾಲಿ ಇದೆ, ಬರುತ್ತೀರಾ ಅಂತ. ಅಕ್ಕ ಕಣ್ಣು ಮುಚ್ಚಿ ಒಂದು ಉಸಿರು ಎಳೆದುಕೊಂಡಳು. ಭಾವನ ಬೆರಳು ಅಲುಗಲಿಲ್ಲ.

"ಬರ್ತೀನಿ ಸಿಸ್ಟರ್" ಅಂದಳು.

ಗ್ಲೌಸ್ ಮೇಡಂ ಆಗಷ್ಟೇ ತಮ್ಮ ವ್ಯಾನಿನಿಂದ ಇಳಿಯುತ್ತಿದ್ದರು. ಅದೂ ಎಲೆಕ್ಟ್ರಿಕ್ಕೇ, ಪುಣ್ಯಕ್ಕೆ. ಕೇಬಲ್ ಚುಚ್ಚಿ ಪರದೆ ನೋಡಿ ತಲೆಯಾಡಿಸಿದರು. ಗುರುತು ಇತ್ತು. ಅದನ್ನು ಉಳಿಸಿಕೊಂಡು, ಹಿಂದೆಯೇ ಬಂದ ಲಾರಿಯ ಮೇಲೆ ಕಾರನ್ನು ಹತ್ತಿಸಿದರು, ನಮ್ಮನ್ನು ವ್ಯಾನಿನಲ್ಲಿ ಕೂರಿಸಿಕೊಂಡರು. ವರ್ಕ್‌ಶಾಪಿನಲ್ಲಿ ಅಕ್ಕನಿಗೆ ಕಾಲು ಚಾಚಲು ಎರಡು ಕುರ್ಚಿ ಜೋಡಿಸಿ, ಭಾವನನ್ನು ಕರೆದರು.

"ಗುರುತು ತಗೊಂಡಾಯ್ತು. ಇನ್ನು ಕೈ ಹಾಕ್ಬೇಕು. ಈಗ ಮೈನಸ್ ನೀವೇ ತೆಗೀರಿ ಸರ್."

ಭಾವ ಒಂದು ಕ್ಷಣ ಅವರ ಮುಖ ನೋಡಿದರು. ಆಮೇಲೆ ಗಡಿಯಾರ ಬಿಚ್ಚಿದರು, ಉಂಗುರ ಬಿಚ್ಚಿದರು, ಎರಡನ್ನೂ ಅಕ್ಕನ ಮಡಿಲಿಗೆ ಹಾಕಿ ಬಾನೆಟ್ಟಿನ ಹತ್ತಿರ ಹೋದರು. ಆ ವೈರನ್ನು ಅಷ್ಟು ನಿಧಾನವಾಗಿ ಅವರು ಬಿಚ್ಚಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

ಕಾಯಿಲೆ ಇದ್ದದ್ದು ನನ್ನ ಸೀಟಿನ ಕೆಳಗೆ. ಸೀಟು ಎತ್ತಿದರೆ ಕಿತ್ತಳೆ ವೈರಿನ ಕನೆಕ್ಟರ್ ಒಂದು, ಅದರ ಲಾಕ್ ಪೂರ್ತಿ ಕೂತಿರಲಿಲ್ಲ, ಒಂದು ಉಗುರಿನಷ್ಟು ಹೊರಗಿತ್ತು. ಸೇತುವೆಯ ಜೋಡಣೆಯಲ್ಲಿ ಕುಲುಕಿದಾಗ ಕೆಲವೊಮ್ಮೆ ಬಿಟ್ಟುಕೊಳ್ಳುತ್ತಿತ್ತು, ಕಾರು ಹೆದರಿ ನಿಲ್ಲುತ್ತಿತ್ತು. ಏಳು ತಿಂಗಳು ಊರೂರು ಹುಡುಕಿದ್ದರ ಮೇಲೆ ನಾನೇ ಕೂತಿದ್ದೆ. ಭಾವನನ್ನು ರೇಗಿಸುವ ನನ್ನ ಬಡ್ತಿ ಅಂದಿಗೆ ರದ್ದಾಯಿತು. ಗ್ಲೌಸ್ ಮೇಡಂ ಹೊಸ ಕನೆಕ್ಟರ್ ಹಾಕಿ, ಪಕ್ಕದ ಸೀಟಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಸೇತುವೆಯ ಮೇಲೆ ಓಡಿಸಿ ನೋಡಲು ಹೊರಟರು, ನಮ್ಮನ್ನು ಕರೆಯಲಿಲ್ಲ. ತಾವೇ ಒಬ್ಬರೇ ಹೋಗಿ ನಾಲ್ಕು ಸಲ ಓಡಿಸಿಕೊಂಡು ಬಂದರು. ಅಮ್ಮ ದಣಿದಿದ್ದಾರೆ, ಕೂತಿರಲಿ ಅಂದರು.

ಮರುದಿನ ಬೆಳಿಗ್ಗೆ ಭಾವ ಮಣಿಕಟ್ಟಿಗೆ ಕಿವಿಯಿಟ್ಟು "ಓಡ್ತಾ ಇದೆ" ಅಂದರು. ಆರಕ್ಕೆ ಹೊರಟೆವು. ಸೇತುವೆ ಬಂತು. ಮೊದಲನೇ ಜೋಡಣೆ, ಎರಡನೆಯದು, ಮೂರನೆಯದು. ನಾನು ನನ್ನ ಸೀಟಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. ಆಮೆ ಬರಲಿಲ್ಲ. ಕೊನೆಯ ದೀಪದ ಕಂಬ ದಾಟಿದ ಮೇಲೆ, ದಾಟಿತು ಅಂತ ಹೇಳಲು ಭಾವ ಅಕ್ಕನ ಕಡೆ ತಿರುಗಿದರು.

ಬಾಗಿಲ ಮೇಲಿನ ಹಿಡಿ ಖಾಲಿಯಿತ್ತು. ಅಕ್ಕ ಬಾಯಿ ಸ್ವಲ್ಪ ತೆರೆದುಕೊಂಡು, ತಲೆಯನ್ನು ಕಿಟಕಿಗೆ ಒರಗಿಸಿ ನಿದ್ದೆ ಮಾಡುತ್ತಿದ್ದಳು.